ಗೋಡೆಯ ಮೇಲೆ ಯಾರ ಫೋಟೋ?

ನಮ್ಮ ಕಡೆ ಕಟ್ಟು ಹಾಕಿಸಿದ ಫೋಟೋ ಅಂದರೆ ಎರಡೇ ಬಗೆ. ಒಂದೋ ದೇವರದ್ದು, ಇಲ್ಲವೋ ತೀರಿಹೋದವರದ್ದು. (ಮದುವೆ ಫೋಟೋ ಈಗೀಗ ಗೋಡೆ ಹತ್ತಿದೆ, ಅದನ್ನು ಬಿಡುವ.) ಹಾಗಾಗಿ ಬಿ.ಸಿ.ರೋಡಿನ ಅಂಗಡಿಯಲ್ಲಿ ಫ್ರೇಮ್ ಹಾಕಿಸಿ, ಪೇಪರಿನಲ್ಲಿ ಸುತ್ತಿದ ಮೂರು ಕಟ್ಟುಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಫರಂಗಿಪೇಟೆಯಲ್ಲಿ ಬಸ್ಸಿಳಿದು ರಿಕ್ಷಾ ಹತ್ತಿದಾಗ, ರಿಕ್ಷಾದವನು ಕನ್ನಡಿಯಲ್ಲಿ ನನ್ನನ್ನು ನೋಡಿ "ದೇವೆರೆನ ಪೋಟೋನಾ ಮಾಸ್ಟ್ರೇ?" ಅಂತ ಕೇಳಿದ್ದರಲ್ಲಿ ವಿಶೇಷ ಏನೂ ಇರಲಿಲ್ಲ. ಯಾರಾದರೂ ಹಾಗೆಯೇ ಕೇಳುತ್ತಿದ್ದರು.

ನಾನು "ಅಂದ್" ಎಂದೆ. ಹೌದು, ದೇವರ ಫೋಟೋ.

ಸುಳ್ಳು. ಪೇಪರಿನ ಒಳಗೆ ಇದ್ದದ್ದು ಒಂದು ಚಿಂಪಾಂಜಿ, ಒಂದು ಒರಾಂಗುಟಾನ್, ಮತ್ತೆ ಒಂದು ಸಾಲು ಅಸ್ಥಿಪಂಜರ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವನಿಗೆ ಅಷ್ಟು ಹೇಳಲಿಕ್ಕೆ ಎಂತ ನಾಚಿಕೆ ಅಂತ ನೀವು ಕೇಳಬಹುದು. ಬೇರೆ ಯಾರ ರಿಕ್ಷಾ ಆಗಿದ್ದರೂ ಹೇಳುತ್ತಿದ್ದೆ, ಕೇಳದಿದ್ದರೂ ಪೇಪರ್ ಬಿಚ್ಚಿ ತೋರಿಸಿ ಅರ್ಧ ಗಂಟೆ ಕೊರೆಯುತ್ತಿದ್ದೆ. ಇವನಿಗೆ ಹೇಳಲಿಕ್ಕೆ ಬಾಯಿ ಬರಲಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ. ಮೊದಲು ಚಿತ್ರಗಳ ವಿಷಯ.

ಮಗ ಬೆಂಗಳೂರಲ್ಲಿ ಬಾಡಿಗೆ ಮನೆಯ ಹಾಲಿಗೆ ಅಂತ ಆನ್‌ಲೈನಿನಲ್ಲಿ ತರಿಸಿದ್ದು ಅವು. ಈಗ ಅದೊಂದು ಫ್ಯಾಶನ್. ಕಾಫಿ ಅಂಗಡಿಗೆ ಹೋದರೆ ಗೋಡೆಯಲ್ಲಿ ಕೋಟು ಹಾಕಿದ ಗೊರಿಲ್ಲಾ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡ ಚಿಂಪಾಂಜಿ. ಸ್ವಲ್ಪ ಓದಿಕೊಂಡವರ ಮನೆಯಾದರೆ ಹಳೇ ವಿಜ್ಞಾನ ಪುಸ್ತಕಗಳ ಚಿತ್ರ, ಹಳದಿ ಕಾಗದ, ಕೆಳಗೆ ಲ್ಯಾಟಿನ್ ಹೆಸರು. ಪ್ರಿಂಟ್ ಹಳೆಯದೇನಲ್ಲ, ಹಳದಿ ಬಣ್ಣವನ್ನೂ ಮಿಶಿನ್ನೇ ಹಾಕುವುದು. ಕೆಲಸ ಬದಲಿಸಿ ದೇಶ ಬಿಡುವಾಗ ಮಗ ಅದನ್ನು ಸುರುಳಿ ಸುತ್ತಿ ನನಗೆ ಕೊಟ್ಟ. "ಅಪ್ಪ, ನಿಮಗೆ ಖುಷಿ ಆದೀತು" ಅಂದ. ನಿಜವಾಗಿ ಖುಷಿಯೇ ಆಯಿತು.

ಚಿಂಪಾಂಜಿಯ ಚಿತ್ರ 1699ರದ್ದು. ಲಂಡನ್ನಿನ ಎಡ್ವರ್ಡ್ ಟೈಸನ್ ಎಂಬ ವೈದ್ಯ ಮಾಡಿದ ಪುಸ್ತಕದ್ದು. ಅಂಗೋಲಾದಿಂದ ಹಡಗಿನಲ್ಲಿ ಒಂದು ಮರಿ ಚಿಂಪಾಂಜಿಯನ್ನು ತಂದಿದ್ದರು, ಬಂದ ಸ್ವಲ್ಪ ಸಮಯಕ್ಕೇ ಅದು ಸತ್ತಿತು. ಟೈಸನ್ ಅದನ್ನು ಕೊಯ್ದು, ಎಲುಬು, ಸ್ನಾಯು, ಮಿದುಳು ಎಲ್ಲವನ್ನೂ ನೋಡಿ, ಮನುಷ್ಯನನ್ನು ಯಾವುದರಲ್ಲಿ ಹೋಲುತ್ತದೆ, ಮಂಗಗಳನ್ನು ಯಾವುದರಲ್ಲಿ ಹೋಲುತ್ತದೆ ಅಂತ ಎರಡು ಪಟ್ಟಿ ಮಾಡಿದ. ಮನುಷ್ಯನ ಕಡೆಯ ಪಟ್ಟಿಯೇ ಉದ್ದವಾಯಿತು! ಡಾರ್ವಿನ್ನನ ಪುಸ್ತಕಕ್ಕೆ ನೂರ ಅರುವತ್ತು ವರ್ಷ ಮೊದಲು. ತಾಮ್ರದ ತಗಡಿನಲ್ಲಿ ಕೊರೆದು ಅಚ್ಚು ಹಾಕಿದ ಚಿತ್ರದಲ್ಲಿ ಆ ಮರಿ ನೆಟ್ಟಗೆ ನಿಂತಿದೆ, ಕೈಯಲ್ಲೊಂದು ಊರುಗೋಲು. ಪ್ರಾಣಿ ನಿತ್ರಾಣವಾಗಿತ್ತು, ಆಧಾರಕ್ಕಿರಲಿ ಅಂತ ಕೋಲು ಕೊಟ್ಟದ್ದು ನಾನೇ ಎಂದು ಟೈಸನ್ ಬರೆದುಕೊಂಡಿದ್ದಾನೆ. ಪ್ರಾಮಾಣಿಕ ಮನುಷ್ಯ. ಆ ಮರಿಯ ಅಸ್ಥಿಪಂಜರ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿ ಈಗಲೂ ಉಂಟು.

ಒರಾಂಗುಟಾನಿನದ್ದು ಬಣ್ಣದ ಕಲ್ಲಚ್ಚು, ಯಾವುದೋ ಜರ್ಮನ್ ಪ್ರಾಣಿಪುಸ್ತಕದ್ದು. ಕೊಂಬೆಯ ಮೇಲೆ ತಾಯಿ, ಅದರ ಹೊಟ್ಟೆ ಅಪ್ಪಿ ಹಿಡಿದ ಮರಿ. ಮೂರನೆಯದ್ದು ಪ್ರಸಿದ್ಧ. 1863ರಲ್ಲಿ ಹಕ್ಸ್‌ಲಿ ಬರೆದ ಪುಸ್ತಕದ ಮೊದಲ ಪುಟ. ಗಿಬ್ಬನ್, ಒರಾಂಗುಟಾನ್, ಚಿಂಪಾಂಜಿ, ಗೊರಿಲ್ಲಾ, ಕೊನೆಗೆ ಮನುಷ್ಯ, ಐದು ಅಸ್ಥಿಪಂಜರ ಒಂದರ ಹಿಂದೆ ಒಂದು, ರೇಶನ್ ಅಂಗಡಿಯ ಕ್ಯೂ ಹಾಗೆ. ಗಿಬ್ಬನ್ ಸಣ್ಣ ಪ್ರಾಣಿ, ಸಾಲಿಗೆ ಹೊಂದಲಿ ಅಂತ ಅದನ್ನು ಎರಡು ಪಟ್ಟು ದೊಡ್ಡದು ಮಾಡಿ ಬರೆದಿದ್ದಾರೆ. ಇಲ್ಲೊಂದು ಕೋಲು, ಅಲ್ಲೊಂದು ಅಳತೆ: ಚಿತ್ರ ಬರೆಯುವವರು ಸ್ವಲ್ಪ ಕೈ ಹಾಕದೇ ಬಿಡುವುದಿಲ್ಲ.

ಮನೆಗೆ ತಂದು ಬಿಚ್ಚಿದ ಕೂಡಲೇ ಶುರುವಾಯಿತು. "ಅಪ್ಪನ ಫೋಟೋದ ಪಕ್ಕದಲ್ಲಿ ಮಂಗನ ಫೋಟೋವಾ?" ಅಂತ ಹೆಂಡತಿ. ಹಾಲಿನ ಗೋಡೆಯಲ್ಲಿ ನನ್ನ ಅಪ್ಪ ಉಂಟು, ಗಂಧದ ಹಾರ ಹಾಕಿಕೊಂಡು. ಹೆಂಚಿನ ಕಾರ್ಖಾನೆಯಲ್ಲಿ ದುಡಿದ ಮನುಷ್ಯ, ಬದುಕಿದ್ದಾಗ ಹಾರ ಕಂಡವರಲ್ಲ. ಅವರ ಪಕ್ಕ ಮಂಜುನಾಥ ಸ್ವಾಮಿ, ಅದರಾಚೆ ಬೆಟ್ಟ ಹೊತ್ತ ಆಂಜನೇಯ.

"ಆಂಜನೇಯ ಆಗ್ತದಲ್ಲ, ಇದು ಯಾಕೆ ಆಗುವುದಿಲ್ಲ?" ಅಂತ ಕೇಳಿದೆ.

"ಅದು ದೇವರು."

"ಇದು ದಾಯಾದಿ."

ತಮಾಷೆಗೆ ಹೇಳಿದ್ದು, ಆದರೆ ಶಬ್ದ ಸರಿಯಾಗಿಯೇ ಬಿತ್ತು. ಮಂಗನಿಂದ ಮಾನವ ಅಂತ ಜನ ಹೇಳುತ್ತಾರೆ, ಮಾಸ್ಟ್ರುಗಳೂ ಹೇಳುತ್ತಾರೆ. ಅದು ತಪ್ಪು. ಚಿಂಪಾಂಜಿ ನಮ್ಮ ಅಜ್ಜ ಅಲ್ಲ. ಸುಮಾರು 60-70 ಲಕ್ಷ ವರ್ಷದ ಹಿಂದೆ ಅದರದ್ದೂ ನಮ್ಮದೂ ಮನೆ ಒಂದೇ ಇತ್ತು, ಮತ್ತೆ ಪಾಲಾಯಿತು. ಒರಾಂಗುಟಾನಿನವರು ಅದಕ್ಕೂ ಬಹಳ ಮೊದಲೇ ಪಾಲು ತೆಗೆದುಕೊಂಡು ಹೋದವರು. ಹಾಗಾಗಿ ದಾಯಾದಿಗಳೇ. ಇವರಿಗೆ ಕನ್ನಡದಲ್ಲಿ ಮನೆಮಾತಿನ ಹೆಸರೂ ಇಲ್ಲ. ಮಂಗ, ಕೋತಿ, ಮುಸುವ, ಸಿಂಗಳೀಕ, ನಮಗೆ ಗೊತ್ತಿರುವವರೆಲ್ಲ ಬಾಲ ಇದ್ದವರು. ಬಾಲ ಇಲ್ಲದವರು ನಮ್ಮ ಕಾಡಿನಲ್ಲಿ ಇರಲಿಲ್ಲ, ಅವರಿಗೆ ಪಠ್ಯಪುಸ್ತಕ 'ವಾನರ' ಅನ್ನುತ್ತದೆ. ಒರಾಂಗುಟಾನ್ ಅಂದರೆ ಮಲಯ ಭಾಷೆಯಲ್ಲಿ ಕಾಡಿನ ಮನುಷ್ಯ. ಅಲ್ಲಿಯವರು ನೋಡಿದ ಕೂಡಲೇ ಸಂಬಂಧ ಗುರುತಿಸಿದ್ದರು.

ಇನ್ನೊಂದು ಸಂಗತಿ ನನಗೆ ಮಜಾ ಅನಿಸಿತು. ನಮ್ಮ ಗೋಡೆಯ ದೇವರೂ ಆ ಒರಾಂಗುಟಾನೂ ಒಂದೇ ಯಂತ್ರದ ಮಕ್ಕಳು. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಪ್ರೆಸ್ ಹಾಕಿದ ಮೇಲೆ ಬಣ್ಣದ ದೇವರು ಬಡವರ ಮನೆಗೂ ಬಂದದ್ದು ಕಲ್ಲಚ್ಚಿನಿಂದ. ಯುರೋಪಿನಲ್ಲಿ ಪ್ರಾಣಿಚಿತ್ರ ಅಗ್ಗವಾದದ್ದೂ ಕಲ್ಲಚ್ಚಿನಿಂದಲೇ. ನಮ್ಮ ಮಂಗಳೂರಿನ ಬಾಸೆಲ್ ಮಿಶನ್ನಿನವರು 1841ರಲ್ಲಿ ತಂದದ್ದೂ ಅದೇ ಕಲ್ಲಚ್ಚು, 1843ರಲ್ಲಿ 'ಮಂಗಳೂರ ಸಮಾಚಾರ' ಹೊರಟದ್ದು ಅದರಲ್ಲೇ. ಒಂದೇ ಬಗೆಯ ಕಲ್ಲು, ಅದೇ ಎಣ್ಣೆ ಮಸಿ. ಅದರಲ್ಲಿ ಪೂಜೆಗೆ ಇಡುವ ಮುಖವೂ ಬಂತು, ಹೀಯಾಳಿಸುವ ಮುಖವೂ ಬಂತು.

ಹೀಯಾಳಿಸುವ ವಿಷಯಕ್ಕೆ ಬಂದೆನಲ್ಲ, ಇನ್ನು ಮುಂದೂಡುವುದು ಸರಿಯಲ್ಲ.

1990ರ ದಶಕದ ಕೊನೆಯ ವರ್ಷಗಳು. ಶಾಲೆಯ ಹೆಸರು ಬೇಡ. ಹತ್ತನೇ ಕ್ಲಾಸಿಗೆ ಜೀವವಿಕಾಸದ ಪಾಠ. ಗೋಡೆಗೆ ಚಾರ್ಟ್ ತೂಗಿಸಿದ್ದೆ. ನೀವೂ ನೋಡಿರುತ್ತೀರಿ, ಎಡದಲ್ಲಿ ಬಗ್ಗಿದ ವಾನರ, ಬಲಕ್ಕೆ ಬಂದ ಹಾಗೆ ಬೆನ್ನು ನೆಟ್ಟಗಾಗುತ್ತ, ಕೂದಲು ಉದುರುತ್ತ, ಬಣ್ಣ ಬಿಳುಪಾಗುತ್ತ, ಕೊನೆಗೆ ಒಬ್ಬ ಬಿಳಿಯ ಗಂಡಸು. 1965ರಲ್ಲಿ ಅಮೆರಿಕದ ಒಂದು ಪುಸ್ತಕಕ್ಕೆ ಝಾಲಿಂಗರ್ ಎಂಬ ಕಲಾವಿದ ಬರೆದ ಹದಿನೈದು ಆಕೃತಿಗಳ ಮೆರವಣಿಗೆಯ ಮೊಮ್ಮಗು ಅದು. ನಮ್ಮ ಕ್ಲಾಸಿನ ಚಾರ್ಟಿನಲ್ಲಿ ಆರೇ ಆಕೃತಿ. ನಾನು ಕೋಲು ಹಿಡಿದು ಒಂದೊಂದನ್ನೇ ತೋರಿಸುತ್ತಿದ್ದೆ. ಎರಡನೆಯದ್ದಕ್ಕೆ ಕೋಲು ಬಂದಾಗ ಮುಂದಿನ ಬೆಂಚಿನ ಒಬ್ಬ ಹಿಂದೆ ತಿರುಗಿ ಒಂದು ಹೆಸರು ಹೇಳಿದ. ಕ್ಲಾಸು ನಕ್ಕಿತು. ಆ ಹೆಸರಿನ ಹುಡುಗ ಗುಡ್ಡೆಯ ಆಚೆ ಕೊರಗರ ಕಾಲೊನಿಯಿಂದ ನಡೆದು ಬರುತ್ತಿದ್ದವನು. ಆ ಕಾಲೊನಿಯಿಂದ ಹತ್ತನೆಯ ತನಕ ಬಂದವನು ಅವನೊಬ್ಬನೇ.

ನಾನು ಕೋಲಿನಿಂದ ಮೇಜು ಬಡಿಯಬೇಕಿತ್ತು. ಬಡಿಯಲಿಲ್ಲ. "ಛೆ ಛೆ, ಎರಡನೆಯದ್ದಲ್ಲ, ಅವನು ಮೂರನೆಯದ್ದಕ್ಕೆ ಬಂದಾಗಿದೆ" ಅಂದೆ.

ಕ್ಲಾಸು ಮತ್ತೂ ಜೋರಾಗಿ ನಕ್ಕಿತು. ತಮಾಷೆಯ ಮಾಸ್ಟ್ರು ಅಂತ ನನಗೆ ಹೆಸರಿತ್ತು, ಆ ಹೆಸರು ಉಳಿಸಿಕೊಂಡೆ. ಹುಡುಗನೂ ನಕ್ಕ. ಅವನು ನಕ್ಕದ್ದು ಬಹಳ ವರ್ಷ ನನಗೆ ಸಮಾಧಾನದ ಸಂಗತಿಯಾಗಿತ್ತು, ಅವನಿಗೂ ಬೇಜಾರಾಗಲಿಲ್ಲ ಅಂತ. ಕ್ರಿಸ್‌ಮಸ್ ರಜೆ ಕಳೆದು ಶಾಲೆ ಶುರುವಾದಾಗ ಅವನು ಬರಲಿಲ್ಲ. ರಿಜಿಸ್ಟರಿನಲ್ಲಿ ಕೆಂಪು ಗೆರೆ ಎಳೆದೆ. ಬರದೆ ಇರಲಿಕ್ಕೆ ಬೇರೆ ಕಾರಣ ನೂರು ಇದ್ದಿರಬಹುದು. ನಾನು ಹೋಗಿ ಕೇಳಲಿಲ್ಲ, ಆದ್ದರಿಂದ ನೂರು ಕಾರಣಗಳ ಹಿಂದೆ ಅಡಗಿಕೊಳ್ಳುವ ಹಕ್ಕು ನನಗಿಲ್ಲ.

ಆ ದಿನ ಕನ್ನಡಿಯಲ್ಲಿ ನನ್ನನ್ನು ನೋಡಿ ದೇವರ ಫೋಟೋವಾ ಅಂತ ಕೇಳಿದವನು ಅವನೇ. ಈಗ ಸ್ವಂತ ರಿಕ್ಷಾ ಉಂಟು, ಮಕ್ಕಳು ಓದುತ್ತಾರೆ. ಕಂಡಾಗಲೆಲ್ಲ "ನಮಸ್ಕಾರ ಮಾಸ್ಟ್ರೇ" ಅನ್ನುತ್ತಾನೆ.

ಕೊರಗರನ್ನು ನಮ್ಮ ಜಿಲ್ಲೆಯಲ್ಲಿ ಹೇಗೆ ನಡೆಸಿಕೊಂಡಿದ್ದಾರೆ ಅಂತ ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಕೂದಲು, ಉಗುರು ಬೆರೆಸಿದ ಅನ್ನವನ್ನು ಅವರಿಗೆ ಉಣಿಸಿದರೆ ಮನೆಯ ರೋಗ ಅವರಿಗೆ ಹೋಗುತ್ತದೆ ಅಂತ ನಂಬಿದವರಿದ್ದರು. ಅಜಲು ಅನ್ನುತ್ತಾರೆ ಅದಕ್ಕೆ. ಅದನ್ನು ನಿಷೇಧಿಸಲಿಕ್ಕೆ 2000ನೇ ಇಸವಿಯಲ್ಲಿ ಕರ್ನಾಟಕ ಸರಕಾರ ಪ್ರತ್ಯೇಕ ಕಾನೂನೇ ಮಾಡಬೇಕಾಯಿತು. ಪೇಪರಿನಲ್ಲಿ ಓದಿದಾಗ ನಾನು ಸ್ಟಾಫ್ ರೂಮಿನಲ್ಲಿ ಕೂತು "ಎಂಥ ಜನ ಮಾರಾಯ್ರೆ" ಅಂದಿದ್ದೆ. ಮೂರನೆಯದ್ದಕ್ಕೆ ಬಂದಾಗಿದೆ ಎಂದ ಮಾತು ಆಗ ನೆನಪಾಗಲಿಲ್ಲ.

ಈಗ ಈ ಚಿತ್ರಗಳ ಚರಿತ್ರೆ ಓದುತ್ತ ಕೂತರೆ, ನನ್ನ ತಮಾಷೆಗೂ ಹಳೇ ವಂಶಾವಳಿ ಉಂಟು ಅಂತ ಗೊತ್ತಾಗುತ್ತದೆ. ಡಚ್ಚರ ಪೀಟರ್ ಕ್ಯಾಂಪರ್ ಎಂಬ ವೈದ್ಯ ಮುಖದ ಕೋನ ಅಳೆಯುವ ಕ್ರಮ ತಂದ. ಅವನು ತೀರಿಕೊಂಡ ಮೇಲೆ 1791ರಲ್ಲಿ ಅದು ಪುಸ್ತಕವಾಯಿತು. ಒರಾಂಗುಟಾನಿಗೆ 58 ಡಿಗ್ರಿ, ಆಫ್ರಿಕದವನಿಗೆ 70, ಯುರೋಪಿನವನಿಗೆ 80, ಗ್ರೀಕ್ ಶಿಲ್ಪಕ್ಕೆ 100. ಪಾಪ, ಕ್ಯಾಂಪರ್ ಚಿತ್ರ ಕಲಿಯುವವರಿಗೆ ಮುಖ ಬರೆಯುವುದು ಹೇಗೆ ಅಂತ ಹೇಳಲು ಹೊರಟವನು, ಮನುಷ್ಯರೆಲ್ಲ ಒಂದೇ ಮೂಲದವರು ಅಂತ ನಂಬಿದವನು. ಆದರೆ ಸಾಲು ಮಾಡಿ ಇಟ್ಟ. ಒಮ್ಮೆ ಸಾಲು ಮಾಡಿ ಇಟ್ಟರೆ ಅದರಲ್ಲಿ ಯಾರನ್ನು ಎಲ್ಲಿ ನಿಲ್ಲಿಸಬೇಕು ಅಂತ ತೀರ್ಮಾನ ಮಾಡುವವರು ಬೇರೆಯೇ ಬರುತ್ತಾರೆ. 1854ರಲ್ಲಿ ಅಮೆರಿಕದ ನಾಟ್ ಮತ್ತು ಗ್ಲಿಡ್ಡನ್ ಎಂಬವರು ಗ್ರೀಕ್ ಶಿಲ್ಪದ ತಲೆ, ಆಫ್ರಿಕದವನ ತಲೆ, ಚಿಂಪಾಂಜಿಯ ತಲೆ ಒಟ್ಟಿಗಿಟ್ಟು ದಪ್ಪ ಪುಸ್ತಕ ಮಾಡಿದರು. ಗುಲಾಮರನ್ನು ಇಟ್ಟುಕೊಂಡವರಿಗೆ ಅದು ಬೇಕಾಗಿತ್ತು. 1906ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಝೂನಲ್ಲಿ ಕಾಂಗೋದ ಓಟ ಬೆಂಗ ಎಂಬ ಯುವಕನನ್ನು ವಾನರರ ಮನೆಯಲ್ಲಿ, ಒರಾಂಗುಟಾನ್ ಜೊತೆ ಪ್ರದರ್ಶನಕ್ಕಿಟ್ಟರು. ಹತ್ತು ವರ್ಷದ ನಂತರ ಅವನು ಗುಂಡು ಹಾರಿಸಿಕೊಂಡು ಸತ್ತ. ಇತ್ತ ನಮ್ಮಲ್ಲಿ ರಿಸ್ಲಿ, ಥರ್ಸ್ಟನ್ ಮುಂತಾದ ಅಧಿಕಾರಿಗಳು ಜಾತಿ ಜಾತಿಯ ಮೂಗು ಅಳೆದರು. ನಮ್ಮ ಜಿಲ್ಲೆ ಆಗ ಮದ್ರಾಸ್ ಪ್ರಾಂತ್ಯದ್ದು. 1909ರಲ್ಲಿ ಬಂದ ಥರ್ಸ್ಟನ್ನನ 7 ಸಂಪುಟಗಳಲ್ಲಿ ಕೊರಗರ ಬಗ್ಗೆಯೂ ಉಂಟು.

ಫರಂಗಿಗಳ ಹೆಸರು ಹೊತ್ತ ಊರಿನವನು ನಾನು, ಎಲ್ಲವನ್ನೂ ಫರಂಗಿಯವರ ತಲೆಗೆ ಕಟ್ಟುವುದು ಸುಲಭ. ಆದರೆ ಅಜಲನ್ನು ಯಾವ ಫರಂಗಿಯೂ ಹಡಗಿನಲ್ಲಿ ತಂದದ್ದಲ್ಲ. ನಮ್ಮಲ್ಲಿ ಸಾಲು ಮೊದಲೇ ಇತ್ತು. ಚಾರ್ಟ್ ಬಂದಾಗ ಯಾರನ್ನು ಎಲ್ಲಿ ನಿಲ್ಲಿಸಬೇಕು ಅಂತ ಆ ಮುಂದಿನ ಬೆಂಚಿನ ಹುಡುಗನಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ನನ್ನ ಹಳೇ ಸಹೋದ್ಯೋಗಿಯೊಬ್ಬರು, ಗಣಿತದವರು, ಸಂಜೆ ಚಾ ಕುಡಿಯಲು ಬಂದವರು, ಇದನ್ನೆಲ್ಲ ಕೇಳಿ ಹೇಳಿದರು: "ನೀವು ತಪ್ಪು ಮಾಡಿದ್ದು ನಿಜ. ಅದಕ್ಕೆ ಚಿತ್ರ ಎಂತ ಮಾಡ್ತದೆ? ಕೆಟ್ಟ ಮಾತಾಡಿದವನು ನಾಲಗೆ ಕುಯ್ದುಕೊಳ್ಳುವುದಿಲ್ಲ. ಟೈಸನ್ ಎಂತ ಪಾಪ ಮಾಡಿದ್ದಾನೆ?" ಲೆಕ್ಕದ ಮಾಸ್ಟ್ರ ಮಾತು, ಸುಲಭಕ್ಕೆ ತಳ್ಳಿಹಾಕಲಿಕ್ಕೆ ಆಗುವುದಿಲ್ಲ. ನಾನು ಎರಡು ದಿನ ಯೋಚನೆ ಮಾಡಿದೆ. ನನಗೆ ಕಂಡದ್ದು ಇಷ್ಟು. ಒಂಟಿಯಾಗಿ ಕೂತ ಚಿಂಪಾಂಜಿಯ ಚಿತ್ರ ಯಾರನ್ನೂ ಕೆಳಗೆ ಹಾಕುವುದಿಲ್ಲ. ಅದನ್ನು ನೋಡುವಾಗ ಅದೂ ನಾನೂ ಮಾತ್ರ. ಸಾಲು ಹಾಗಲ್ಲ, ಅದು ನೋಡುವವನಿಗೆ ಒಂದು ಕೋಲು ಕೊಡುತ್ತದೆ. ಜೀವವಿಕಾಸ ಸಾಲಿನ ಹಾಗೆ ನಡೆದದ್ದೂ ಅಲ್ಲ, ಅದು ಆಲದ ಮರದ ಹಾಗೆ ಕೊಂಬೆ ಒಡೆದದ್ದು. ಇವತ್ತು ಬದುಕಿರುವವರೆಲ್ಲ ತುದಿಯ ಎಲೆಗಳೇ, ಯಾರೂ ಯಾರಿಗೂ ಮೆಟ್ಟಿಲಲ್ಲ. ಅಂದರೆ ಆ ಚಾರ್ಟ್ ವಿಜ್ಞಾನದ ಲೆಕ್ಕದಲ್ಲೂ ತಪ್ಪು. ತಪ್ಪು ವಿಜ್ಞಾನ, ಅದರ ಮೇಲೆ ನನ್ನ ತಮಾಷೆ. ಹಕ್ಸ್‌ಲಿ ಮನುಷ್ಯರಲ್ಲಿ ಮೇಲುಕೀಳು ತೋರಿಸಲು ಆ ಅಸ್ಥಿಪಂಜರ ನಿಲ್ಲಿಸಿದ್ದಲ್ಲ, ಒಪ್ಪುತ್ತೇನೆ. ಆದರೂ ಅದನ್ನು ನೋಡಿದ ಕೂಡಲೇ ನನ್ನ ಬಲಗೈ ಕೋಲು ಹುಡುಕುತ್ತದೆ.

ಹಾಗಾದರೆ ಉಳಿದೆರಡು ಚಿತ್ರ ನಿರ್ದೋಷವೋ? ಅಷ್ಟು ಸಲೀಸಾಗಿ ಬಿಡುಗಡೆ ಇಲ್ಲ. ಈ ಹಳೇ ಚಿತ್ರಗಳಲ್ಲಿ ಹೆಚ್ಚಿನವು ಸತ್ತವರ ಚಿತ್ರ. ತೊಗಲು, ತಲೆಬುರುಡೆ, ಸಾರಾಯಿಯಲ್ಲಿ ಅದ್ದಿದ ದೇಹ, ಇವನ್ನು ನೋಡಿ ಬರೆದವು. 1855ರಲ್ಲಿ ಸರವಾಕಿನ ಕಾಡಿನಲ್ಲಿ ವ್ಯಾಲೇಸ್ ಒರಾಂಗುಟಾನುಗಳನ್ನು ಗುಂಡು ಹಾರಿಸಿ ಕೊಂದು ತೊಗಲು ಕಳಿಸುತ್ತಿದ್ದ. ಒಂದು ತಾಯಿಯನ್ನು ಕೊಂದಾಗ ಕೆಸರಿನಲ್ಲಿ ಬಿದ್ದಿದ್ದ ಮರಿ ಸಿಕ್ಕಿತು. ಅದನ್ನು ಮನೆಗೆ ತಂದು, ಹಾಲು ಸಿಗದೆ ಗಂಜಿ ತಿಳಿ ಕುಡಿಸಿ, ಅಪ್ಪಿಕೊಳ್ಳಲಿ ಅಂತ ಎಮ್ಮೆ ಚರ್ಮದಿಂದ ಸುಳ್ಳು ತಾಯಿ ಮಾಡಿ ಕೊಟ್ಟ. ಮರಿ ಮೊಲೆ ಹುಡುಕಿ ಕೂದಲು ನುಂಗಲು ಹೋಯಿತು. ಮೂರು ತಿಂಗಳಲ್ಲಿ ಸತ್ತಿತು. ವ್ಯಾಲೇಸ್‌ಗೆ ನಿಜವಾಗಿ ದುಃಖವಾಯಿತು. ಆ ಮೇಲೆ ಎಲುಬು, ತೊಗಲು ತೆಗೆದಿಟ್ಟ. ದುಃಖವೂ ಎಲುಬೂ ಒಂದೇ ಮನುಷ್ಯನ ಕೈಯಲ್ಲಿ. ನನಗೆ ಅವನನ್ನು ಬೈಯಲು ಮನಸ್ಸಾಗುವುದಿಲ್ಲ. ಒರಾಂಗುಟಾನಿನ ಬೋರ್ನಿಯೋ ಕಾಡು ಕಡಿದು ತಾಳೆ ಹಾಕಿದ ಎಣ್ಣೆ ಅತಿ ಹೆಚ್ಚು ಆಮದು ಮಾಡುವವರಲ್ಲಿ ನಾವೇ ಮುಂದೆ. ಸಂಜೆ ಪೇಟೆಯ ಹೋಟೆಲಿನಲ್ಲಿ ಪಾಮೊಲಿನ್‌ನಲ್ಲಿ ಕರಿದ ಗೋಳಿಬಜೆ ತಿಂದು ಬಂದು ಗೋಡೆಯ ಒರಾಂಗುಟಾನ್ ನೋಡಿ ಮರುಗಿದರೆ, ನಾನೂ ವ್ಯಾಲೇಸೂ ಒಂದೇ ಸೈಜು.

ಬದುಕಿರುವ ದೊಡ್ಡ ವಾನರವನ್ನು ನಾನು ನೋಡಿದ್ದು ಒಮ್ಮೆ ಮಾತ್ರ, ಶಾಲೆಯ ಮಕ್ಕಳನ್ನು ಮೈಸೂರಿಗೆ ಕರೆದುಕೊಂಡು ಹೋದಾಗ. ಪೋಲೋ ಎಂಬ ಗೊರಿಲ್ಲಾ ಇತ್ತು. 1995ರಲ್ಲಿ ಡಬ್ಲಿನ್ನಿನಿಂದ ಬಂದದ್ದು, 2014ರಲ್ಲಿ ತೀರಿಕೊಳ್ಳುವ ತನಕ ಬಹಳ ವರ್ಷ ಒಂಟಿ. ಮಕ್ಕಳು ಎದೆ ಬಡಿದುಕೊಂಡು ಕೂಗಿದರು. ಹಳೇ ಪುಸ್ತಕಗಳಲ್ಲಿ ಗೊರಿಲ್ಲಾ ಅಂದರೆ ಹಲ್ಲು ಕಿರಿದು ಬಂದೂಕು ಮುರಿಯುವ ರಾಕ್ಷಸ. ಇದು ನಮಗೆ ಬೆನ್ನು ಹಾಕಿ, ಕೊನೆಯ ಬಸ್ಸು ತಪ್ಪಿದ ಯಜಮಾನರ ಹಾಗೆ ಕೂತಿತ್ತು. ಒಮ್ಮೆ ತಿರುಗಿ ನೋಡಿತು. ಮಕ್ಕಳು ಸುಮ್ಮನಾದರು. ಆ ನೋಟವನ್ನು ಯಾವ ಚಿತ್ರದಲ್ಲೂ ನಾನು ನೋಡಿಲ್ಲ.

ಕೊನೆಗೆ ಆದದ್ದು ಇಷ್ಟು. ಕೋಲು ಹಿಡಿದ ಮರಿ ನನ್ನ ಓದುವ ಕೋಣೆಯಲ್ಲಿ ಉಂಟು. ಒರಾಂಗುಟಾನ್ ತಾಯಿಯನ್ನು ಹೆಂಡತಿಯೇ ಊಟದ ಕೋಣೆಗೆ ಹಾಕಿಸಿದಳು. "ಮಗುವನ್ನು ಹಿಡಿದುಕೊಂಡ ಕ್ರಮ ನೋಡಿ" ಅಂದಳು, ಅಷ್ಟೇ. ಸಾಲು ಮಾತ್ರ ಕಪಾಟಿನ ಹಿಂದೆ, ಗೋಡೆಗೆ ಮುಖ ಮಾಡಿ ನಿಂತಿದೆ. ಬಿಸಾಡಲಿಲ್ಲ. ಬಿಸಾಡಿದರೆ ಸಲೀಸಾಗಿ ಮರೆತುಬಿಟ್ಟೇನು.

ಇದನ್ನು ಬರೆಯಬೇಕಾ ಅಂತಲೂ ಯೋಚಿಸಿದೆ. ಅವನನ್ನು ಕೇಳದೆ ಅವನನ್ನು ನನ್ನ ಬರಹಕ್ಕೆ ತಂದು ಕಟ್ಟು ಹಾಕಿಸುವುದೂ ಒಂದು ಬಗೆಯ ಪ್ರದರ್ಶನವೇ. ಹೆಸರು ಹೇಳಿಲ್ಲ, ಪೇಟೆಯಲ್ಲಿ ರಿಕ್ಷಾಗಳು ತುಂಬ ಉಂಟು. ಅಷ್ಟರಿಂದ ಸರಿಹೋಯಿತು ಅಂತ ಹೇಳುವುದಿಲ್ಲ.

ಕಳೆದ ವಾರ ಜೋರು ಮಳೆ. ಬಸ್‌ಸ್ಟಾಂಡಿನಲ್ಲಿ ನಿಂತಿದ್ದೆ, ಅವನೇ ರಿಕ್ಷಾ ತಂದು ನಿಲ್ಲಿಸಿದ. ಕೂತೆ. ನೇತ್ರಾವತಿ ಕೆಂಪಗೆ ತುಂಬಿ ಹರಿಯುತ್ತಿತ್ತು, ಅದರ ಬಗ್ಗೆ ಸ್ವಲ್ಪ ಮಾತಾಡಿದೆವು. ರೈಲ್ವೆ ಗೇಟಿನ ಹತ್ತಿರ ನಿಂತಾಗ ನಾನು ಹೇಳಿದೆ, "ಅವತ್ತು ತಂದದ್ದು ದೇವರ ಫೋಟೋ ಅಲ್ಲ ಮಾರಾಯ. ಚಿಂಪಾಂಜಿ, ಒರಾಂಗುಟಾನ್, ಅಂಥದ್ದು."

ಅವನು ಎದುರಿನ ಗಾಜು ಬಟ್ಟೆಯಿಂದ ಒರೆಸುತ್ತಿದ್ದ.

"ಗೊತ್ತುಂಟು ಮಾಸ್ಟ್ರೇ. ಪೇಪರು ಒಂದು ಬದಿ ಹರಿದಿತ್ತು" ಅಂದ.

ಗೇಟು ತೆರೆಯಿತು. ಮನೆ ಮುಟ್ಟುವ ತನಕ ಇಬ್ಬರೂ ಮಾತಾಡಲಿಲ್ಲ. ಇಳಿದು ನೂರರ ನೋಟು ಕೊಟ್ಟೆ. ಅವನು ನಲುವತ್ತು ಇಟ್ಟುಕೊಂಡು, ಅರುವತ್ತನ್ನು ಎಣಿಸಿ ನನ್ನ ಕೈಯಲ್ಲಿಟ್ಟ.